ಗುಡ್ಡಕ್ಕೆ ಇಸ್ತ್ರಿ

ಕಾಡನ್ನು ಕಾಡಾಗಿಯೇ ಉಳಿಸುವ ಕಾನೂನು ಪಾಸಾದ ದಿನ, ಅದನ್ನು ಪಾಸು ಮಾಡಿಸಿದವನು ತಾನೇ ಎಂಬ ಭಾವನೆ ನಮ್ಮ ಇಸ್ತ್ರಿಯಣ್ಣನಿಗೆ ಬಂದುಬಿಟ್ಟಿತು. ಇದಕ್ಕೆ ಆಧಾರವೇ ಇರಲಿಲ್ಲ ಎನ್ನುವಂತಿಲ್ಲ. ಮಸೂದೆಯ ಪರವಾಗಿ ಗಂಟಲು ಹರಿಯುವಂತೆ ಮಾತಾಡಿದ ಶಾಸಕರ ಬಿಳಿ ಅಂಗಿ ಹಿಂದಿನ ಸಂಜೆ ಇವನ ಮೇಜಿನ ಮೇಲೆ ಅಂಗಾತ ಮಲಗಿತ್ತು. ಚಹಾದಂಗಡಿಯ ಟೀವಿಯ ಮುಂದೆ ಬೀದಿಯವರೆಲ್ಲ ಭಾಷಣ ಕೇಳುತ್ತಿದ್ದರೆ ಇಸ್ತ್ರಿಯಣ್ಣ ಕಾಲರು ನೋಡುತ್ತಿದ್ದ.

"ನೋಡಿ, ಅಷ್ಟು ಕೈ ಬೀಸಿದ್ರೂ ತೋಳಿನ ಗೆರೆ ಕದಲಿಲ್ಲ. ಆ ಗೆರೆ ಇಲ್ದೆ ಇದ್ದಿದ್ರೆ ಅವರ ಮಾತು ಯಾರು ಕೇಳ್ತಿದ್ರು?"

"ಹಾಗಾದ್ರೆ ಕಾನೂನು ನಿಂದೇ ಅನ್ನು," ಎಂದ ಚಹಾದಂಗಡಿಯವನು ಗ್ಲಾಸು ತೊಳೆಯುತ್ತ.

"ನಂದು ಅಂತ ಹೇಳಲ್ಲ. ನನ್ನ ಕೈ ಇದೆ ಅಂತೀನಿ, ಅಷ್ಟೇ."

ಇಂಥ ಮಾತನ್ನು ಜನ ಚಹಾದ ಜೊತೆಗೇ ಕುಡಿದು ಮರೆಯುವುದು ವಾಡಿಕೆ. ಆದರೆ ಆ ಬೀದಿಗೆ ಆಗ ಕಾನೂನಿನಲ್ಲಿ ಕೈಯಿರುವವನೊಬ್ಬ ತುರ್ತಾಗಿ ಬೇಕಾಗಿದ್ದ.

ಸಂಗತಿ ಇಷ್ಟು. ಬೀದಿಯ ಮನೆಗಳ ಹಿತ್ತಲ ಗೋಡೆ ಮುಗಿದ ಕಡೆಯಿಂದ ಒಂದು ಕಲ್ಲುಗುಡ್ಡ ಶುರುವಾಗುತ್ತಿತ್ತು. ಯಾರೂ ನೆಡದ ಪೊದೆಗಳು, ಯಾರೂ ತೋಡದ ಒಂದು ಹೊಂಡ, ಯಾರೂ ಸಾಕದ ಹಕ್ಕಿಗಳು. ಯಾರ ಹೆಸರಿನಲ್ಲೂ ಇಲ್ಲದ್ದರಿಂದ ಅದು ಎಲ್ಲರದೂ ಆಗಿತ್ತು. ಎಲ್ಲರದೂ ಆದ್ದರಿಂದ ಅದನ್ನು ಮಾರಬಹುದೆಂದು ಪುರಸಭೆಗೆ ಹೊಳೆದಿತ್ತು. ಗುಡ್ಡವನ್ನು ಒಡೆದು ಸಪಾಟು ಮಾಡಿ ಅಲ್ಲೊಂದು ಗೋದಾಮು ಬರುವುದೆಂದು ಸುದ್ದಿ ಹಬ್ಬಿತ್ತು. ಹೊಸ ಕಾನೂನಿನ ಪ್ರಕಾರ, ತಾನಾಗಿ ಬೆಳೆದುಕೊಂಡ ಇಂಥ ಸಾರ್ವಜನಿಕ ಭೂಮಿಯನ್ನು ಅಧಿಕಾರಿಯೊಬ್ಬರು ಬಂದು ನೋಡಿ ಒಪ್ಪಿದರೆ ಮುಂದೆಂದೂ ಅದನ್ನು ಯಾರೂ ಮಾರುವಂತಿರಲಿಲ್ಲ. ಬೀದಿಯ ಕೊನೆಯ ಮನೆಯ ಟೀಚರಮ್ಮ, ನಿವೃತ್ತರಾದರೂ ಬೀದಿಯನ್ನೇ ತರಗತಿಯೆಂದು ತಿಳಿದಿದ್ದವರು, ಅರ್ಜಿ ಬರೆದು ಕಳಿಸಿದರು. ಅರ್ಜಿಯ ಹಿಂದೆ ಒಂದು ಸಮಿತಿ, ಸಮಿತಿಗೆ ಒಬ್ಬ ಅಧ್ಯಕ್ಷ ಬೇಕಲ್ಲ.

"ಕೈ ಇದೆ ಅಂದ್ಯಂತಲ್ಲ ಇಸ್ತ್ರಿಯಣ್ಣ, ಆ ಕೈ ಈಗ ಮುಂದೆ ಮಾಡು," ಎಂದರು ಟೀಚರಮ್ಮ.

ಇಸ್ತ್ರಿಯಣ್ಣ ಅಧ್ಯಕ್ಷನಾದ. ಜಂಬದಿಂದ ಒಪ್ಪಿದ ಎಂದು ಬೀದಿ ತಿಳಿಯಿತು, ಅಥವಾ ತಿಳಿದಂತೆ ನಟಿಸಿತು. ನಿಜವಾದ ಕಾರಣ ಅವನ ಮನೆಯಲ್ಲಿತ್ತು.

ಆ ಮನೆಗೆ ಎರಡೇ ಕೋಣೆ. ಮುಂದಿನದು ಅಂಗಡಿ, ಅಲ್ಲಿ ಮೇಜು, ಇಸ್ತ್ರಿಪೆಟ್ಟಿಗೆ, ಊರಿನವರ ಬಟ್ಟೆಗಳ ರಾಶಿ. ಹಿಂದಿನದರಲ್ಲಿ ಅವನ ತಾಯಿ, ತಾಯಿಯ ತಂಗಿ ಚಿಕ್ಕಮ್ಮ, ಇಬ್ಬರು ಹೆಣ್ಣುಮಕ್ಕಳು, ಗೋಡೆಗೆ ಬಣ್ಣ ಬಳಿಯುವ ಭಾವಮೈದುನ, ಉಳಿದ ಜಾಗದಲ್ಲಿ ಅವನು ಮತ್ತು ಅವನ ಹೆಂಡತಿ. ಮನೆಯೊಳಗೆ ಗಂಡಹೆಂಡಿರು ಆಡಿಕೊಳ್ಳುತ್ತಿದ್ದ ಮಾತುಗಳೆಲ್ಲ "ಉಪ್ಪು ಮುಗಿದಿದೆ", "ಡಾಕ್ಟರ ಕೋಟು ಯಾವತ್ತು ಕೊಡಬೇಕು" ಎಂಬ ಜಾತಿಯವು. ಅದಕ್ಕಿಂತ ಸ್ವಲ್ಪ ಮೆತ್ತಗಿನ ಮಾತು ಬಾಯಿಂದ ಹೊರಟರೆ ಸಾಕು, ಕಿವಿ ಮಂದವಾದ ಚಿಕ್ಕಮ್ಮ ಮೂಲೆಯಿಂದ, "ಏನಂದೆ? ಜೋರಾಗಿ ಹೇಳು," ಎನ್ನುತ್ತಿದ್ದರು. ಜೋರಾಗಿ ಹೇಳುವ ಮಾತು ಅದಾಗಿರುತ್ತಿರಲಿಲ್ಲ.

ಹಾಗಾಗಿ ಪ್ರತಿ ಸಂಜೆ ಹೆಂಡತಿ ಒಣಗಿದ ಪುಳ್ಳೆಕಡ್ಡಿ ಆರಿಸಲು ಗುಡ್ಡಕ್ಕೆ ಹೋಗುತ್ತಿದ್ದಳು. ಸ್ವಲ್ಪ ಹೊತ್ತಿಗೆ ಅವನಿಗೆ ಬೆನ್ನುನೋವು ಬರುತ್ತಿತ್ತು. ಅದಕ್ಕೆ ನಡಿಗೆಯೇ ಮದ್ದೆಂದು ಯಾವುದೋ ಡಾಕ್ಟರು ಯಾವ ಕಾಲದಲ್ಲೋ ಹೇಳಿದ್ದರಂತೆ. ಇಬ್ಬರೂ ಬೇರೆ ಬೇರೆಯಾಗಿ ಹೋಗಿ, ಹೊಂಡದ ಪಕ್ಕದ ಚಪ್ಪಟೆ ಬಂಡೆಯ ಮೇಲೆ ಕೂತು, ಬೇರೆ ಬೇರೆಯಾಗಿ ಹಿಂತಿರುಗುತ್ತಿದ್ದರು. ಮದುವೆಯಾದ ಹೊಸದರಲ್ಲಿ ಇಸ್ತ್ರಿಪೆಟ್ಟಿಗೆಯ ಇದ್ದಿಲು ಹೊತ್ತಿಸಲು ಪುಳ್ಳೆ ನಿಜವಾಗಿಯೂ ಬೇಕಿತ್ತು. ಆಮೇಲೆ ಕರೆಂಟಿನ ಪೆಟ್ಟಿಗೆ ಬಂತು. ಪುಳ್ಳೆಯ ನೆಪವನ್ನು ಬದಲಿಸಬೇಕೆಂದು ಮಾತ್ರ ಇಬ್ಬರಿಗೂ ಹೊಳೆಯಲಿಲ್ಲ. ತಮ್ಮ ಗುಟ್ಟು ಯಾರಿಗೂ ತಿಳಿಯದೆಂದು ಅವರು ನೆಮ್ಮದಿಯಿಂದಿದ್ದರು. ಮಗಳು ಪರೀಕ್ಷೆಯಲ್ಲಿ ಫೇಲಾದಾಗ ಅವರು ಬೈದುಕೊಂಡದ್ದು ಆ ಬಂಡೆಯ ಮೇಲೆ. ಹೆಂಡತಿಯ ತವರಿನಿಂದ ಕೆಟ್ಟ ಸುದ್ದಿ ಬಂದಾಗ ಅವಳು ಮನಸಾರೆ ಅತ್ತದ್ದೂ ಅಲ್ಲೇ. ಗುಡ್ಡ ಹೋದರೆ ಅವರಿಗೆ ಉಳಿಯುವುದು ಉಪ್ಪು ಮತ್ತು ಡಾಕ್ಟರ ಕೋಟು, ಅಷ್ಟೇ.

ಅಧಿಕಾರಿ ಬರುವ ದಿನ ಗೊತ್ತಾಯಿತು. ಟೀಚರಮ್ಮ, "ನಾನು ಮಗಳ ಮನೆಗೆ ಹೋಗಿ ಬರ್ತೀನಿ, ಅಷ್ಟರಲ್ಲಿ ಎಲ್ಲ ನೋಡ್ಕೋ," ಎಂದು ಅಧ್ಯಕ್ಷನಿಗೆ ಹೇಳಿ ಬಸ್ಸು ಹತ್ತಿದರು. ಆ ಒಂದು ಮಾತಿನಿಂದ ಆದ ಅನಾಹುತಕ್ಕೆ ಅವರನ್ನು ದೂರುವಂತಿಲ್ಲ. "ನೋಡಿಕೋ" ಎಂದರೆ ಕೆಲವರು ನೋಡಿ ಸುಮ್ಮನಾಗುತ್ತಾರೆ. ಬದುಕಿಡೀ ಊರಿನ ಸುಕ್ಕು ಬಿಡಿಸುತ್ತ ಬಂದವನು ಹಾಗೆ ಸುಮ್ಮನಾಗುವುದು ಹೇಗೆ?

ಇಸ್ತ್ರಿಯಣ್ಣ ಗುಡ್ಡವನ್ನು ಮೊದಲ ಸಲ ಅಧ್ಯಕ್ಷನ ಕಣ್ಣಿನಿಂದ ನೋಡಿದ. ಎಲ್ಲಿ ನೋಡಿದರೂ ಕಸ. ಪೊದೆಗಳು ಮೂರು ದಿನ ತಲೆ ಬಾಚದವರಂತೆ ನಿಂತಿದ್ದವು. ಬಳ್ಳಿಗಳು ಒಗೆದು ಹಿಂಡಿ ಮರೆತ ಸೀರೆಯಂತೆ ಬಿದ್ದುಕೊಂಡಿದ್ದವು.

"ಇದ್ದ ಹಾಗೇ ಇರಲಿ ಬಿಡ್ರಿ," ಎಂದಳು ಹೆಂಡತಿ. "ಇಷ್ಟು ವರ್ಷ ನಮಗೆ ಚೆನ್ನಾಗೇ ಇತ್ತಲ್ಲ."

"ನಮ್ಮ ಮಾತು ಬೇರೆ. ಸರ್ಕಾರದವರು ಬರುವಾಗ ಹೀಗೆ ಮುದ್ದೆಮುದ್ದೆಯಾಗಿ ನಿಲ್ಲಿಸೋಕಾಗುತ್ತಾ? ಇದನ್ನ ಯಾರು ಉಳಿಸ್ಕೋತಾರೆ?"

ಬೀದಿಯವರೆಲ್ಲ ಪೊರಕೆ ಹಿಡಿದು ಹತ್ತಿದರು. ಒಣಗಿದ ಎಲೆಗಳನ್ನೆಲ್ಲ ಗುಡಿಸಿ, ಗಾಡಿಯಲ್ಲಿ ತುಂಬಿ, ಊರಾಚೆ ಸುರಿದರು. ಪೊದೆಗಳ ತಲೆಯನ್ನು ದುಂಡಗೆ ಕತ್ತರಿಸಿದರು. ಬಳ್ಳಿಗಳನ್ನು ಇಸ್ತ್ರಿಯಣ್ಣ ತಾನೇ ಒಂದರ ಮೇಲೊಂದು ಮಡಿಸಿಟ್ಟ. ಭಾವಮೈದುನ ಎಲ್ಲೋ ಮಿಕ್ಕಿದ ಸುಣ್ಣ ತಂದು ದಾರಿಯುದ್ದಕ್ಕೂ ಕಲ್ಲುಗಳಿಗೆ ಬಳಿದು, "ಹೇಗಿದೆ ಭಾವ?" ಎಂದು ಕೇಳಿದ. ಭಾವನ ಕಣ್ಣಲ್ಲಿ ನೀರಾಡಿತು. ಚಹಾದಂಗಡಿಯವನು ಪ್ಲಾಸ್ಟಿಕ್ ಕುರ್ಚಿ ತಂದಿಟ್ಟ. ಯಾರೋ ಹೂವಿನ ಕುಂಡಗಳನ್ನು ತಂದರು. ಗೆದ್ದಲುಗಳು ಕಟ್ಟಿದ್ದ ಹುತ್ತದ ಧೂಳನ್ನು ಚಿಕ್ಕಮ್ಮ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದುದನ್ನು ಕಂಡವರಿದ್ದಾರೆ.

ಅಧಿಕಾರಿ ಬರುವ ಹಿಂದಿನ ದಿನ ಮಧ್ಯಾಹ್ನ ಟೀಚರಮ್ಮ ಬಸ್ಸಿಳಿದು, ಚೀಲವನ್ನೂ ಕೆಳಗಿಡದೆ ಗುಡ್ಡ ಹತ್ತಿದರು. ಹತ್ತಿ ನಿಂತರು.

"ಇದೇನು, ಮದುವೆ ಫೋಟೋ ತೆಗೆಯೋ ಸ್ಟುಡಿಯೋನಾ?"

"ಇನ್ನೂ ಒಂದು ಕೈ ಸುಣ್ಣ ಬಾಕಿ ಇದೆ ಟೀಚರಮ್ಮ," ಎಂದ ಇಸ್ತ್ರಿಯಣ್ಣ ವಿನಯದಿಂದ.

"ಅಯ್ಯಾ ಅಧ್ಯಕ್ಷ, ಆ ಕಾನೂನಲ್ಲಿ ಏನಿದೆ ಗೊತ್ತೇನಪ್ಪ ನಿನಗೆ? ಮನುಷ್ಯ ಕೈ ಹಚ್ಚದೆ ತಾನಾಗಿ ಬೆಳೆದಿರಬೇಕು ಅಂತ ಇದೆ. ನೀವು ಕೈ ಹಚ್ಚದೆ ಬಿಟ್ಟಿದ್ದು ಏನಾದ್ರೂ ಇದ್ರೆ ತೋರಿಸು."

ಎಲ್ಲರೂ ಸುತ್ತ ನೋಡಿದರು. ಹೊಂಡದ ನೀರೊಂದಿತ್ತು. ಅದಕ್ಕೂ ಯಾರೋ ತಾವರೆಯ ಪ್ಲಾಸ್ಟಿಕ್ ಹೂ ಬಿಟ್ಟಿದ್ದರು.

ಟೀಚರಮ್ಮ ಕುಸಿದು ಒಂದು ಕಲ್ಲಿನ ಮೇಲೆ ಕೂತರು. ಎದ್ದಾಗ ಸೀರೆಯ ಹಿಂಭಾಗ ಪೂರ್ತಿ ಬೆಳ್ಳಗಾಗಿತ್ತು. ಅದನ್ನು ಹೇಳುವ ಧೈರ್ಯ ಯಾರಿಗೂ ಆಗಲಿಲ್ಲ.

ಅಂದು ಕತ್ತಲಾಗುವವರೆಗೆ ಆ ಬೀದಿಯವರು ಮಾಡಿದ ಕೆಲಸವನ್ನು ಬೇರೆ ಯಾವ ಬೀದಿಯವರೂ ಮಾಡಿರಲಾರರು. ಕಾಡನ್ನು ಮತ್ತೆ ಕಾಡು ಮಾಡುವುದು ಸುಲಭವಲ್ಲ. ಕುಂಡ, ಕುರ್ಚಿ, ತಾವರೆ ಮನೆಗೆ ಹೋದವು. ಹೆಂಗಸರು ಪಾತ್ರೆ ಉಜ್ಜುವ ನಾರಿನಿಂದ ಕಲ್ಲು ಉಜ್ಜಿದರು. ಊರಾಚೆ ಸುರಿದ ಎಲೆಗಳು ಗಾಳಿಗೆ ಹಾರಿಹೋಗಿದ್ದರಿಂದ ಶಾಲೆಯ ಅಂಗಳದ ಎಲೆಗಳನ್ನು ಮೂಟೆ ಕಟ್ಟಿ ತಂದರು. ಹರಡುವ ಜವಾಬ್ದಾರಿ ಅಧ್ಯಕ್ಷನದು.

ಇಸ್ತ್ರಿಯಣ್ಣ ಹರಡಿದ. ಸ್ವಲ್ಪ ದೂರ ಹೋಗಿ ನೋಡಿದರೆ ಎಲೆಗಳು ಸಾಲಾಗಿ ಕೂತಿದ್ದವು, ಎಲ್ಲದರ ತೊಟ್ಟೂ ಒಂದೇ ದಿಕ್ಕಿಗೆ. ಕೆದಕಿ ಮತ್ತೆ ಹರಡಿದ. ಈ ಸಲ ದೊಡ್ಡವು ಕೆಳಗೆ, ಚಿಕ್ಕವು ಮೇಲೆ ಬಂದವು. ಕೈ ಮಾತು ಕೇಳುತ್ತಿರಲಿಲ್ಲ.

ಹೆಂಡತಿ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. "ನೀವು ಹಾಸ್ತಿದ್ದೀರಿ. ಹಾಸಬೇಡಿ, ಬಿಸಾಕಿ."

"ಬಿಸಾಕೋಕೆ ಬರ್ತಿಲ್ಲ ಕಣೇ."

ಅವಳು ಒಂದು ಬೊಗಸೆ ಎಲೆ ತೆಗೆದುಕೊಂಡು, ಅವನ ಮುಖ ನೋಡುತ್ತಲೇ ಹೆಗಲ ಮೇಲಿಂದ ಹಿಂದಕ್ಕೆ ಎಸೆದಳು. ಅವು ಬಿದ್ದ ಚಂದ ನೋಡಿ ಅವನಿಗೆ ಹೊಟ್ಟೆಕಿಚ್ಚಾಯಿತು.

"ಹೋದ್ರೆ ಹೋಗಲಿ ಬಿಡ್ರಿ," ಎಂದಳು ಮೆಲ್ಲಗೆ. "ಇನ್ನೇನಾದ್ರೂ ದಾರಿ ಹುಡುಕೋಣ."

"ಎಲ್ಲಿ? ಅಂಗಡಿ ಮೇಜಿನ ಕೆಳಗಾ?"

ಅವಳು ನಗಲು ನೋಡಿದಳು. ನಗು ಪೂರ್ತಿ ಬರಲಿಲ್ಲ.

ಮರುದಿನ ಬೆಳಿಗ್ಗೆ ಅಧಿಕಾರಿ ಬಂದರು. ಐವತ್ತು ದಾಟಿದ ಹೆಂಗಸು. ಬಗಲಲ್ಲಿ ಚೀಲ, ಕಾಲಲ್ಲಿ ಕ್ಯಾನ್ವಾಸ್ ಬೂಟು. ಅವರ ಹತ್ತಿಯ ಸೀರೆಯ ಮೇಲಿದ್ದ ಸುಕ್ಕು ಕಂಡು ಅಧ್ಯಕ್ಷನಿಗೆ ಸ್ವಾಗತದ ಮಾತೆಲ್ಲ ಮರೆತುಹೋಯಿತು. "ಮೇಡಂ, ಐದು ನಿಮಿಷ ಕೊಟ್ರೆ..." ಎಂದು ಶುರು ಮಾಡಿದವನನ್ನು ಟೀಚರಮ್ಮ ಮೊಣಕೈಯಿಂದ ತಿವಿದರು.

ಬೀದಿಯವರೆಲ್ಲ ಹಿತ್ತಲ ಗೋಡೆಯ ಬಳಿ, ಈ ಗುಡ್ಡವನ್ನು ಇವತ್ತೇ ಮೊದಲು ನೋಡುತ್ತಿರುವವರ ಹಾಗೆ ಮುಖ ಮಾಡಿಕೊಂಡು ನಿಂತಿದ್ದರು. ಅಧಿಕಾರಿ ಬಗ್ಗಿ ಒಂದು ಎಲೆ ಎತ್ತಿಕೊಂಡರು.

"ಈ ಎಲೆಯ ಮರ ಇಲ್ಲಿ ಒಂದೂ ಕಾಣಿಸ್ತಿಲ್ಲವಲ್ಲ."

"ಗಾಳಿ ತಂದಿರುತ್ತೆ ಮೇಡಂ," ಎಂದರು ಟೀಚರಮ್ಮ.

"ಬಹಳ ಶಿಸ್ತಿನ ಗಾಳಿ," ಎಂದು ಅವರು ಒಂದು ಸಾಲನ್ನು ನೋಡುತ್ತ ಮುಂದೆ ನಡೆದರು. ಪೊದೆಯ ದುಂಡು ತಲೆ ಸವರಿದರು. ಕೊನೆಗೆ ಅರ್ಧ ಬಿಳಿ ಉಳಿದಿದ್ದ ಒಂದು ಕಲ್ಲಿನ ಮುಂದೆ ನಿಂತರು. "ಇದು?"

"ಹಕ್ಕಿ," ಎಂದ ಭಾವಮೈದುನ.

ಅಧಿಕಾರಿ ಕಲ್ಲಿನ ಅಗಲ ನೋಡಿ, ಆಕಾಶ ನೋಡಿ, ಆಮೇಲೆ ಅವನನ್ನು ನೋಡಿದರು. "ಈ ಹಕ್ಕಿಗೆ ಕುಂಚದ ಗುರುತು ಬಿಡೋ ಅಭ್ಯಾಸ ಇದೆ ಅನ್ಸುತ್ತೆ."

ಭಾವಮೈದುನ ಭಾವನ ಬೆನ್ನ ಹಿಂದೆ ಸರಿದ.

"ನೋಡಿ," ಎಂದರು ಅಧಿಕಾರಿ, ಎಲ್ಲರಿಗೂ ಕೇಳುವಂತೆ. "ನಾನು ಹೋದ ಕಡೆಯೆಲ್ಲ ಯಾರಾದ್ರೂ ಗುಡಿಸಿಟ್ಟಿರ್ತಾರೆ. ಒಂದು ಊರಲ್ಲಿ ಜಿಂಕೆ ಬರೋ ದಾರೀಲಿ ಚಾಪೆ ಹಾಸಿದ್ರು. ಒಂದು ಮಳೆ ಬಂದ್ರೆ ಇದೆಲ್ಲ ಹೋಗುತ್ತೆ. ನನ್ನ ತಲೆನೋವು ಬೇರೆ." ಅವರು ಬೆರಳು ತೋರಿಸಿದರು. "ಅದು."

ಅದು ಒಂದು ಕಾಲುದಾರಿ. ಇಸ್ತ್ರಿ ಅಂಗಡಿಯ ಹಿತ್ತಲ ಬಾಗಿಲಿನಿಂದ ಹೊರಟು, ಪೊದೆಗಳ ನಡುವೆ ಬಳುಕುತ್ತ ಹೊಂಡದ ಪಕ್ಕದ ಬಂಡೆಯವರೆಗೆ ಹೋಗಿ ಅಲ್ಲಿಗೇ ಮುಗಿದಿತ್ತು. ಇಷ್ಟೆಲ್ಲ ಗುಡಿಸಿ, ಉಜ್ಜಿ, ಹರಡುವಾಗ ಯಾರ ಕಣ್ಣಿಗೂ ಅದು ಬಿದ್ದಿರಲಿಲ್ಲ; ದಿನವೂ ನೋಡುವ ವಸ್ತು ಹಾಗೇ.

"ಪುರಸಭೆಯವರು ತಕರಾರು ಕೊಟ್ಟಿದ್ದಾರೆ. ಇಲ್ಲಿಂದ ಜನ ಸಾಮಾನು ಸಾಗಿಸ್ತಾರೆ, ಇದು ಬಳಕೇಲಿರೋ ಜಾಗ, ಹಾಗಾಗಿ ಕಾನೂನು ಇದಕ್ಕೆ ಅನ್ವಯಿಸಲ್ಲ ಅಂತ. ಬಳಸೋ ಜಾಗ ಆದ್ರೆ ನಾನು ಉಳಿಸೋಕಾಗಲ್ಲ. ಈ ದಾರಿ ಯಾರದ್ದು? ಇಲ್ಲಿಂದ ಏನು ಹೋಗುತ್ತೆ?"

ಚಹಾದಂಗಡಿಯವನು ತನ್ನ ಉಗುರು ಪರೀಕ್ಷಿಸಿದ. ಟೀಚರಮ್ಮ ಕೆಮ್ಮಿದರು.

"ಮೇಕೆ, ಮೇಡಂ," ಎಂದ ಇಸ್ತ್ರಿಯಣ್ಣ.

"ಮೇಕೆ ಚಪ್ಪಲಿ ಹಾಕುತ್ತಾ?" ಮಣ್ಣಿನಲ್ಲಿ ಎರಡು ಅಳತೆಯ ಚಪ್ಪಲಿ ಗುರುತು ಸ್ಪಷ್ಟವಾಗಿತ್ತು. ಒಂದು ದೊಡ್ಡದು, ಒಂದು ಚಿಕ್ಕದು.

ಹೆಂಡತಿ ಒಂದು ಹೆಜ್ಜೆ ಮುಂದೆ ಬಂದಳು. ಅತ್ತೆ ಪಕ್ಕದಲ್ಲೇ ನಿಂತಿದ್ದರು. ಅಷ್ಟು ವರ್ಷ ಹೇಳಿಕೊಂಡು ಬಂದ ಮಾತು ಅಭ್ಯಾಸಬಲದಿಂದ ತಾನಾಗಿಯೇ ಹೊರಬಂತು. "ನಾನು ಮೇಡಂ. ಪುಳ್ಳೆ ಆರಿಸೋಕೆ."

"ದಿನಾ?"

"ದಿನಾ."

ಅಧಿಕಾರಿಯ ಮುಖ ಸಣ್ಣದಾಯಿತು. ಚೀಲದಿಂದ ಪೆನ್ನು ತೆಗೆದರು. "ಹಾಗಾದ್ರೆ ಅವರ ಮಾತೇ ಸರಿ. ನನಗೂ ಬೇಜಾರಮ್ಮ, ಆದ್ರೆ ದಿನಾ ಸೌದೆ ಒಯ್ಯೋ ಜಾಗ ಅಂತಲೇ ಬರೀಬೇಕಾಗುತ್ತೆ."

ಪೆನ್ನಿನ ಮುಚ್ಚಳ ತೆರೆದುಕೊಂಡಿತು. ಇಸ್ತ್ರಿಯಣ್ಣ ಹೆಂಡತಿಯನ್ನು ನೋಡಿದ. ಅವಳು ನೆಲ ನೋಡುತ್ತಿದ್ದಳು. ತಾಯಿಯನ್ನು ನೋಡಿದ. ತಾಯಿ ಅವನನ್ನೇ ನೋಡುತ್ತಿದ್ದರು. ಸುತ್ತ ಇಡೀ ಬೀದಿಯಿತ್ತು, ಅವನ ಇಬ್ಬರು ಹೆಣ್ಣುಮಕ್ಕಳಿದ್ದರು, ಚಿಕ್ಕಮ್ಮ ಇದ್ದರು. ಅವನೂ ಒಂದು ಹೆಜ್ಜೆ ಮುಂದೆ ಬಂದ.

"ಪುಳ್ಳೆಗಲ್ಲ ಮೇಡಂ."

"ಮತ್ತೆ?"

"ಕೂತ್ಕೊಳ್ಳೋಕೆ."

"ಯಾರು?"

"ನಾನು." ಬೆರಳು ಎತ್ತಿ ಹೆಂಡತಿಯ ಕಡೆ ತೋರಿಸಿದ. "ಇವಳು."

"ಕೂತು ಏನು ಮಾಡ್ತೀರಿ?"

"ಮಾತಾಡ್ತೀವಿ."

"ಏನಂದ?" ಎಂದರು ಚಿಕ್ಕಮ್ಮ ಹಿಂದಿನಿಂದ. "ಜೋರಾಗಿ ಹೇಳೋ."

ಇಸ್ತ್ರಿಯಣ್ಣ ಕಣ್ಣು ಮುಚ್ಚಿಕೊಂಡು ಜೋರಾಗಿ ಹೇಳಿದ. "ನಾನೂ ನನ್ನ ಹೆಂಡತೀನೂ ದಿನಾ ಇಲ್ಲಿ ಬಂದು ಕೂತ್ಕೊಂಡು ಮಾತಾಡ್ತೀವಿ ಚಿಕ್ಕಮ್ಮ."

ಆ ಮಾತು ಎದುರಿನ ಬಂಡೆಗೆ ತಾಗಿ, ಇನ್ನೊಮ್ಮೆ ಹಿಂತಿರುಗಿ ಬಂದು, ಕೇಳದೆ ಇದ್ದವರಿಗೂ ಕೇಳಿಸಿತು. ಹೆಂಡತಿಯ ಮುಖ ಕಿವಿಯವರೆಗೆ ಕೆಂಪಾಯಿತು. ಯಾರೊಬ್ಬರಿಗೂ ಆಶ್ಚರ್ಯವಾಗಲಿಲ್ಲ; ಅದನ್ನು ಕಂಡು ಇಸ್ತ್ರಿಯಣ್ಣನಿಗೆ ಆಶ್ಚರ್ಯವಾಯಿತು.

"ಇವರು ಹಾಗೆ ಹೇಳ್ತಾರೆ," ಎಂದರು ಅಧಿಕಾರಿ, ಪೆನ್ನು ಹಿಡಿದೇ. "ಅವರು ಪುಳ್ಳೆ ಅಂತಾರೆ. ಪುಳ್ಳೆ ಒಯ್ದಿದ್ದಂತೂ ನಿಜ ತಾನೇ?"

"ನಿಜ," ಎಂದಳು ಹೆಂಡತಿ. ಸುಳ್ಳು ಹೇಳುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. "ದಿನಾ ಒಂದು ಹಿಡಿ. ಬರಿಗೈಲಿ ಹೋದ್ರೆ ಮನೇಲಿ ಕೇಳ್ತಾರಲ್ಲ ಅಂತ."

ಆಗ ತಾಯಿ ಮುಂದೆ ಬಂದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಆ ಪುಳ್ಳೆ ಎಲ್ಲೂ ಹೋಗಿಲ್ಲಮ್ಮ. ಕರೆಂಟಿನ ಪೆಟ್ಟಿಗೆ ಬಂದ ಮೇಲೆ ಅದು ನಮಗ್ಯಾಕೆ? ಇವಳು ಸಂಜೆ ತಂದಿಡೋಳು, ನಾನು ಬೆಳಗಾಗೆದ್ದು ಗೋಡೆ ಮೇಲಿಂದ ಗುಡ್ಡಕ್ಕೇ ವಾಪಸ್ ಎಸೆಯೋಳು. ಮನೇಲಿ ಇಟ್ಕೊಳ್ಳೋಕೆ ಜಾಗ ಎಲ್ಲಿದೆ? ಜಾಗ ಇದ್ದಿದ್ರೆ ಇವರಿಬ್ಬರು ಇಲ್ಲಿಗ್ಯಾಕೆ ಬರ್ತಿದ್ರು?"

ಸೊಸೆ ತಲೆಯೆತ್ತಿ ಅತ್ತೆಯನ್ನು ನೋಡಿದಳು. "ಅದಕ್ಕೇ ದಿನಾ ಗೋಡೆ ಹತ್ತಿರಾನೇ ಸಿಗ್ತಿತ್ತಾ?"

"ಮತ್ತೆ? ದೂರ ಎಸೆಯೋಕೆ ನನ್ನ ತೋಳಲ್ಲಿ ಶಕ್ತಿ ಇದೆಯಾ?"

"ನಿಮಗೆ ಗೊತ್ತಿತ್ತಾ ಅತ್ತೆ?"

"ನಿನ್ನ ಗಂಡನಿಗೆ ಬೆನ್ನುನೋವು ಸರಿಯಾಗಿ ನೀನು ಹೊರಟ ಮೇಲೇ ಬರುತ್ತೆ. ಅಷ್ಟು ತಿಳಿಯಲ್ವಾ ನನಗೆ?" ಎಂದರು ತಾಯಿ. ಆಮೇಲೆ ದನಿ ತಗ್ಗಿಸಿ ಅಧಿಕಾರಿಗೆ ಹೇಳಿದರು, "ಈ ಕಲ್ಲನ್ನ ಇವರಿಂದ ಕಿತ್ಕೋಬೇಡಿ ತಾಯಿ. ನಾನು ಮನೇಲಿ ಕೊಡೋಕಾಗದೆ ಇದ್ದದ್ದು ಅದೊಂದೇ."

ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿದರು. ಕಾಲುದಾರಿಯಲ್ಲಿ ನಡೆದು ಬಂಡೆಯವರೆಗೆ ಹೋದರು. ಕೂತು ನೋಡಿದರು. ಹೊಂಡದ ಆಚೆ ಒಂದು ಹಕ್ಕಿ, ನಿಜವಾದದ್ದು, ನೀರಿಗೆ ಕತ್ತು ಬಗ್ಗಿಸಿ ಎತ್ತಿತು. ಬೀದಿಯವರೆಲ್ಲ ಗೋಡೆಯ ಬಳಿಯೇ ನಿಂತು ನೋಡಿದರು. ಬಹಳ ಹೊತ್ತಾದರೂ ಅಧಿಕಾರಿ ಏಳದಿದ್ದುದನ್ನು ಕಂಡು ಟೀಚರಮ್ಮನಿಗೆ ಸ್ವಲ್ಪ ಧೈರ್ಯ ಬಂತು.

ಹಿಂತಿರುಗಿ ಬಂದು ಅವರು ಹೇಳಿದ್ದು ಇಷ್ಟು. "ನಡೆದು ಬಂದು, ಕೂತು, ಏನೂ ಮಾಡದೆ, ಏನೂ ಒಯ್ಯದೆ ವಾಪಸ್ ಹೋಗೋದನ್ನ ಕಾನೂನು ಬಳಕೆ ಅಂತ ಕರೆಯಲ್ಲ. ನಿಜ ಹೇಳಬೇಕಂದ್ರೆ ಅಂಥ ಜಾಗ ಉಳೀಲಿ ಅಂತಲೇ ಈ ಕಾನೂನು ಮಾಡಿದ್ದು. ನಾನು ಒಪ್ಪಿಗೆ ಬರೀತೀನಿ." ಆಮೇಲೆ ಇಸ್ತ್ರಿಯಣ್ಣನ ಕಡೆ ತಿರುಗಿದರು. "ಒಂದೇ ಷರತ್ತು. ನೀವು ಇನ್ನು ಮುಂದೆ ಇಲ್ಲಿ ಒಂದು ಹುಲ್ಲುಕಡ್ಡೀನೂ ನೆಟ್ಟಗೆ ಮಾಡಬಾರದು."

"ಆಯ್ತು ಮೇಡಂ," ಎಂದ ಅವನು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು.

ಅವರ ಜೀಪು ಬೀದಿ ತಿರುಗುವವರೆಗೂ ಯಾರೂ ಮಾತಾಡಲಿಲ್ಲ. ತಿರುಗಿದ ಮೇಲೆ ಎಲ್ಲರೂ ಒಟ್ಟಿಗೇ ಮಾತಾಡಿದರು. ಹಕ್ಕಿಯ ಮಾತು ತಾನು ಹೇಳದಿದ್ದರೆ ಕೆಲಸ ಕೆಡುತ್ತಿತ್ತೆಂದು ಭಾವಮೈದುನ ವಾದಿಸಿದ. ಚಹಾದಂಗಡಿಯವನು ಅಂದು ಯಾರಿಂದಲೂ ಚಹಾಕ್ಕೆ ಕಾಸು ತೆಗೆದುಕೊಳ್ಳಲಿಲ್ಲ.

ಸಂಜೆಯಾಯಿತು. ಹೆಂಡತಿ ಕೈ ಒರೆಸಿಕೊಂಡು, ಯಾರ ಮುಖವನ್ನೂ ನೋಡದೆ, ಹಿತ್ತಲ ಬಾಗಿಲು ದಾಟಿ ಹೋದಳು. ಇಸ್ತ್ರಿಯಣ್ಣ ಪೆಟ್ಟಿಗೆ ಆರಿಸಿ ಬಾಗಿಲವರೆಗೆ ಬಂದು ನಿಂತುಬಿಟ್ಟ. ಒಂದು ಕಾಲು ಹೊಸ್ತಿಲ ಆಚೆ, ಒಂದು ಈಚೆ. ಇಷ್ಟು ವರ್ಷ ನೆಪ ಹೇಳಿ ಹೊರಡುತ್ತಿದ್ದವನಿಗೆ ನೆಪವಿಲ್ಲದೆ ಹೊರಡುವುದು ಹೇಗೆಂದು ಗೊತ್ತಿರಲಿಲ್ಲ. ಹಿಂದೆ ಹೆಣ್ಣುಮಕ್ಕಳಿಬ್ಬರು ಪುಸ್ತಕದಲ್ಲಿ ಮುಖ ಹುದುಗಿಸಿಕೊಂಡು ನಗುತ್ತಿದ್ದರು. ಪಕ್ಕದ ಹಿತ್ತಲುಗಳಲ್ಲಿ ಬಟ್ಟೆ ತೆಗೆಯುತ್ತಿದ್ದವರು, ಪಾತ್ರೆ ತೊಳೆಯುತ್ತಿದ್ದವರು ಎಲ್ಲರೂ ಏಕಕಾಲಕ್ಕೆ ಬೇರೆ ಕಡೆ ತಿರುಗಿಕೊಂಡರು.

"ಅಮ್ಮ, ಬೆನ್ನು..." ಎಂದ.

"ಬೆನ್ನಿಗೇನಾಗಿದೆ? ಕಲ್ಲುಗುಂಡಿನ ಹಾಗಿದೆ," ಎಂದರು ತಾಯಿ ತಲೆಯೆತ್ತದೆ. "ಅವಳು ಒಬ್ಬಳೇ ಕೂತಿದಾಳೆ. ಹೋಗು."